ವೈರಿನ ಅಳತೆಯ ಮೆರವಣಿಗೆ

ನನ್ನ ದಿನಚರಿಯಲ್ಲಿ ದಿನಕ್ಕೊಂದು ಪುಟ, ಪುಟದ ಕೊನೆಗೊಂದು ಮೊತ್ತ. ಎಷ್ಟು ಹೊತ್ತು ಗಿಟಾರ್ ನುಡಿಸಿದೆ, ಎಷ್ಟು ಸಲ ತಪ್ಪಿದೆ, ಎಷ್ಟು ಸಲ ಕೆಳಗಿನ ಮನೆಯವರು ಬಾಗಿಲು ಬಡಿದರು. ಈ ಮೂರೂ ಲೆಕ್ಕಗಳು ಜೊತೆಜೊತೆಯಾಗಿ ಏರುತ್ತಿದ್ದ ದಿನಗಳಲ್ಲೇ ಅಕ್ಕನ ಮದುವೆ ಗೊತ್ತಾಯಿತು.

ಆಗ ನನ್ನ ತಲೆಯಲ್ಲಿ ಒಂದೇ ಹುಚ್ಚಿತ್ತು. ಗಿಟಾರಿನ ನಾದವನ್ನು ಗರಗಸದ ಸದ್ದಿನಂತೆ ಒರಟಾಗಿಸುವ ಹೆವಿ ಮೆಟಲ್ ಸಂಗೀತಕ್ಕೆ ಪಿಟೀಲು, ಕಹಳೆಗಳ ದೊಡ್ಡ ವಾದ್ಯವೃಂದವನ್ನು ಬೆರೆಸುವವರು ದೂರದ ದೇಶಗಳಲ್ಲಿದ್ದಾರೆ. ಅದನ್ನು ಮೊಬೈಲಿನಲ್ಲಿ ಕೇಳಿ ಕೇಳಿ, ನಾನೂ ಅಂಥದ್ದೊಂದನ್ನು ಕಟ್ಟಬೇಕೆಂದು ತೀರ್ಮಾನಿಸಿದ್ದೆ. ಆದರೆ ಇಡೀ ವಿಜಯಪುರದಲ್ಲಿ ನನ್ನ ಕಣ್ಣಿಗೆ ಬಿದ್ದ ಪಿಟೀಲು ಒಂದೇ. ಅದೂ ಪರಿಚಯದವರೊಬ್ಬರ ಕಪಾಟಿನೊಳಗೆ, ತಂತಿಗಳಿಲ್ಲದೆ. ಹೀಗಾಗಿ ನನ್ನ ವಾದ್ಯವೃಂದದಲ್ಲಿ ನಾನೊಬ್ಬನೇ ಇದ್ದೆ. ಹಾಜರಿಯನ್ನು ಮಾತ್ರ ತಪ್ಪದೆ ಬರೆಯುತ್ತಿದ್ದೆ.

ಅಕ್ಕನನ್ನು ಕೊಟ್ಟಿದ್ದು ತಿಕೋಟಾಕ್ಕೆ. ಲಗ್ನದ ಸಂಜೆ ಅಲ್ಲಿ ಹಣಮಪ್ಪನ ಗುಡಿಯಿಂದ ಮನೆಯವರೆಗೆ ಮದುಮಕ್ಕಳ ಮೆರವಣಿಗೆ ಆಗಬೇಕಿತ್ತು. ಭಾವನ ತಮ್ಮ ಆಗಲೇ ಡಿಜೆ ಹೇಳಿಬಿಟ್ಟಿದ್ದ. ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಆಳೆತ್ತರದ ಸ್ಪೀಕರ್ ಬಾಕ್ಸುಗಳು, ಕಿಟಕಿಯ ಗಾಜು ನಡುಗುವಂಥ ಸದ್ದು. ಶಾಲೆಯಲ್ಲಿ ಪಾಠ ಮಾಡುತ್ತ ಮಕ್ಕಳ ಗದ್ದಲ ಕೇಳಿಯೇ ದಿನ ಕಳೆಯುವ ಅಕ್ಕ ಅಲ್ಲಿಯವರೆಗೆ ಸೀರೆ, ಒಡವೆ, ಊಟ ಯಾವುದಕ್ಕೂ ತಕರಾರು ತೆಗೆದಿರಲಿಲ್ಲ. ಇದೊಂದಕ್ಕೆ ಹಟ ಹಿಡಿದಳು. ಅವಳಿಗೆ ಕ್ಲಾರ್ನೆಟ್ ಇರುವ ಬ್ಯಾಂಡ್ ಬೇಕಿತ್ತು.

"ನನ್ನ ಲಗ್ನದಾಗ ನನ್ನ ಎದಿ ನನ್ನ ಕಾರಣಕ್ಕ ಹೊಡ್ಕೋಬೇಕು. ಬಾಕ್ಸಿನ ಕಾರಣಕ್ಕಲ್ಲ" ಎಂದಳು.

ಬ್ಯಾಂಡಿಗೆ ಈಗಿನ ಹುಡುಗರು ಕುಣಿಯುವುದಿಲ್ಲ ಎಂಬುದು ಭಾವನ ತಮ್ಮನ ವಾದ. ಮಾತು ಕಗ್ಗಂಟಾಗತೊಡಗಿದಾಗ, ಕೈಯಲ್ಲಿ ಚಹಾದ ಕಪ್ಪು ಹಿಡಿದಿದ್ದ ನಾನು ನಡುವೆ ಬಾಯಿ ಹಾಕಿದೆ. ಬ್ಯಾಂಡಿಗೆ ಹೆವಿ ಮೆಟಲ್ ಬೆರೆಸುತ್ತೇನೆ, ಅಕ್ಕನಿಗೆ ಕ್ಲಾರ್ನೆಟ್ಟೂ ಆಯಿತು, ಹುಡುಗರಿಗೆ ಕುಣಿತವೂ ಆಯಿತು ಎಂದೆ. ಹೆವಿ ಮೆಟಲ್ ಎಂದರೇನೆಂದು ಯಾರೂ ಕೇಳಲಿಲ್ಲ. ನಾನು ಗದ್ದಲ ಮಾಡಬಲ್ಲೆ ಎಂಬುದರಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಭಾವನ ತಮ್ಮ ಒಪ್ಪಿದ, ಆದರೆ ಒಂದು ಕರಾರು ಹಾಕಿದ. ಮೆರವಣಿಗೆಯ ದಾರಿಯಲ್ಲಿ ಬೇಕಾದವರ ಮನೆ ಬಂದಾಗಲೆಲ್ಲ ನಿಂತು ಆರತಿ ಮಾಡಿಸಿಕೊಳ್ಳುವುದು ಅವರ ರೂಢಿ.

"ಎರಡನೇ ಆರತಿ ತನಕ ನೋಡತೇನ್ರಿ ಬೀಗ್ರ. ಹುಡುಗೂರು ಕುಣೀಲಿಲ್ಲಂದ್ರ ಟ್ರ್ಯಾಕ್ಟರ್ ಬಸ್‌ಸ್ಟ್ಯಾಂಡಿನ್ಯಾಗ ನಿಂತಿರತೈತಿ. ಒಂದ ಫೋನ್ ಅಷ್ಟ."

ಅಕ್ಕ ನನ್ನ ಮುಖ ನೋಡಿದಳು. ನಾನು ಭರವಸೆಯಿಂದ ತಲೆಯಾಡಿಸಿದೆ. ಈಗ ನೆನೆದರೆ ಆ ತಲೆಯಾಡಿಸುವಿಕೆಗೆ ಯಾವ ಆಧಾರವೂ ಇರಲಿಲ್ಲ.

ಬ್ಯಾಂಡಿನವರಿದ್ದದ್ದು ಬಬಲೇಶ್ವರದಲ್ಲಿ. ಮುಂದಿನ ಭಾನುವಾರ ಗಿಟಾರ್ ಬೆನ್ನಿಗೇರಿಸಿ ಬಸ್ ಹತ್ತಿದೆ. ದ್ರಾಕ್ಷಿಗೆ ಔಷಧಿ ಹೊಡೆಯುವ ಪಂಪೇ ಎಂದು ಕಂಡಕ್ಟರ್ ಕೇಳಿದರು. ಅಲ್ಲ, ಗಿಟಾರ್ ಎಂದಾಗ ಅವರ ಮುಖದಲ್ಲಿದ್ದ ಗೌರವ ಸ್ವಲ್ಪ ಕಡಿಮೆಯಾಯಿತು.

ಬ್ಯಾಂಡಿನ ಮಾಸ್ತರು ಕ್ಲಾರ್ನೆಟ್ ನುಡಿಸುವ ಹಿರಿಯರು. ಊರೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು. ಲಗ್ನದ ದಿನಗಳಿಲ್ಲದಾಗ ಬಳೆ ಅಂಗಡಿಯಲ್ಲಿ ಕೂರುತ್ತಿದ್ದರು. ಅಂಗಡಿಯ ಪ್ಲಗ್ಗಿಗೆ ಸ್ಪೀಕರ್ ಸಿಕ್ಕಿಸಿ ನನ್ನ ರಚನೆಯನ್ನು ನುಡಿಸಿ ತೋರಿಸಿದೆ. ಅದು ನಾನು ಕಟ್ಟಿದ್ದರಲ್ಲೇ ಅತ್ಯಂತ ಭಯಂಕರವಾದದ್ದು. ಕೋಟೆಯ ಬಾಗಿಲು ಮುರಿದು ಸೈನ್ಯ ನುಗ್ಗುವುದನ್ನು ಕಲ್ಪಿಸಿಕೊಂಡು ಕಟ್ಟಿದ್ದೆ. ಗಾಜಿನ ಬಳೆಗಳು ಗಿಲಿಗಿಲಿ ಎಂದವು. ಚಾಚಾ ಒಂದೇ ಸಲ ಕೇಳಿ, ಕಣ್ಣು ಮುಚ್ಚಿ, ಅದನ್ನೇ ಕ್ಲಾರ್ನೆಟ್ಟಿನಲ್ಲಿ ಎತ್ತಿಕೊಂಡರು. ಪ್ರತಿ ಸಾಲಿನ ಕೊನೆಯಲ್ಲಿ ಸ್ವರವನ್ನು ಸಣ್ಣಗೆ ಬಳುಕಿಸಿದರು.

"ಭಾಳ ಚೊಲೋ ಐತಿ ತಮ್ಮಾ. ಹೆಣ್ಣ ಒಪ್ಪಸೂ ಮುಂದ ಬಾರಿಸಿದ್ರ ಒಬ್ಬರ ಕಣ್ಣೂ ಒಣಗಂಗಿಲ್ಲ ನೋಡು."

ನನ್ನ ಸೈನ್ಯ ಕೋಟೆಗೆ ನುಗ್ಗದೆ ತವರು ಬಿಟ್ಟು ಹೊರಟಿತ್ತು. ಇದು ಯುದ್ಧದ ಸಂಗೀತ ಎಂದು ವಿವರಿಸಿದೆ. ಅದಕ್ಕವರು, ಹಂಗಾದರೆ ಡೋಲು ಜೋರಾಗಿ ಹೊಡೆಸೋಣ ಎಂದರು.

ತಾಲೀಮು ನಡೆದದ್ದು ಅಂಗಡಿಯ ಮುಂದಿನ ಬಯಲಿನಲ್ಲಿ. ಬ್ಯಾಂಡಿನವರನ್ನು ಮೊಬೈಲಿನಲ್ಲಿ ನೋಡಿದ್ದ ವಾದ್ಯವೃಂದದಂತೆ ಅರ್ಧಚಂದ್ರಾಕಾರದಲ್ಲಿ ನಿಲ್ಲಿಸಿದೆ. ಕ್ಲಾರ್ನೆಟ್, ಟ್ರಂಪೆಟ್, ಡೋಲು, ಮೈಸುತ್ತ ತೊಟ್ಟುಕೊಳ್ಳುವ ಹಿತ್ತಾಳೆಯ ದೊಡ್ಡ ಕಹಳೆ. ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತು ಮೊಬೈಲಿನಲ್ಲಿ ತಾಳದ ಟಕ್‌ಟಕ್ ಹಚ್ಚಿದೆ. ಎಲ್ಲರೂ ಸರಿಯಾಗಿಯೇ ಶುರುಮಾಡಿದರು. ಸ್ವಲ್ಪ ಹೊತ್ತಿಗೆಲ್ಲ ವೇಗ ಇಳಿಯತೊಡಗಿತು. ಕೊನೆಗೆ ತೊಟ್ಟಿಲು ತೂಗಬಹುದಾದ ಹದಕ್ಕೆ ಬಂತು. ಮತ್ತೆ ಶುರುಮಾಡಿಸಿದೆ, ಮತ್ತೆ ಜೋಗುಳ. ಅಂದಿನ ಪುಟದಲ್ಲಿ ಜೋಗುಳಗಳ ಸಂಖ್ಯೆಯನ್ನು ಬರೆದು, ಆಮೇಲೆ ಅದನ್ನು ನಾನೇ ಹೊಡೆದುಹಾಕಿದ್ದೇನೆ.

ಮೂರನೆಯ ಭಾನುವಾರ ಬಯಲಿನ ಅಡ್ಡಕ್ಕೆ ಕುರಿಹಿಂಡು ಬಂತು. ಬ್ಯಾಂಡಿನವರು ನುಡಿಸುವುದನ್ನು ನಿಲ್ಲಿಸದೆ ಕುರಿಗಳಿಗೆ ದಾರಿ ಬಿಡುತ್ತ ಪಕ್ಕಕ್ಕೆ ನಡೆದರು. ನಡೆದದ್ದೇ ತಡ, ವೇಗ ತಾನಾಗಿ ಏರಿ ಟಕ್‌ಟಕ್‌ಗೆ ಸರಿಯಾಗಿ ಕೂತಿತು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಇಷ್ಟು ವರ್ಷ ಅವರು ಜೋರಿನ ಹಾಡು ನುಡಿಸಿದ್ದು ನಡೆಯುತ್ತ, ಆರತಿಗೆ ನಿಂತಾಗ ನುಡಿಸಿದ್ದು ನಿಧಾನದ ಹಾಡು. ಕಾಲು ನಿಂತರೆ ಕೈ ತಾನೇ ನಿಧಾನಕ್ಕೆ ಇಳಿಯುತ್ತಿತ್ತು. ಇದು ಚಾಚಾಗೂ ಗೊತ್ತಿರಲಿಲ್ಲ. ಅವರು ನಕ್ಕು ನಕ್ಕು ಟೊಪ್ಪಿಗೆ ತೆಗೆದು ಗಾಳಿ ಬೀಸಿಕೊಂಡರು.

ಮೆರವಣಿಗೆ ನಡೆಯುವಾಗ ಚಿಂತೆಯಿಲ್ಲ, ಆದರೆ ಭಾವನ ತಮ್ಮ ಪರೀಕ್ಷೆ ಇಟ್ಟದ್ದು ಆರತಿಯ ಹತ್ತಿರ, ಅಂದರೆ ನಿಂತಾಗ. ಬಹಳ ಯೋಚಿಸಿ ಉಪಾಯ ಕಂಡುಹಿಡಿದೆ. ಆರತಿಗೆ ನಿಂತಲ್ಲೆಲ್ಲ ಬ್ಯಾಂಡಿನವರು ನನ್ನ ಸುತ್ತ ದುಂಡಗೆ ನಡೆಯಬೇಕು. ಬಯಲಿನಲ್ಲಿ ಸುಣ್ಣದಿಂದ ವೃತ್ತ ಎಳೆದು ತಾಲೀಮು ಮಾಡಿಸಿದೆ. ಸೊಗಸಾಗಿ ಬಂತು. ನಾನು ಮಾತ್ರ ಎಂದಿನಂತೆ ವೃತ್ತದ ಹೊರಗೆ, ಪ್ಲಗ್ಗಿನ ಹತ್ತಿರ, ಮೆಟ್ಟಿಲ ಮೇಲೆ ಕೂತಿದ್ದೆ.

ಮೆರವಣಿಗೆಯ ದಿನ ನನ್ನ ಸ್ಪೀಕರನ್ನೂ ಜನರೇಟರನ್ನೂ ಸಾಮಾನು ಸಾಗಿಸುವ ಒಂದು ಟಂಟಂ ಆಟೋದಲ್ಲಿ ಏರಿಸಿದ್ದೆವು. ಅದರಿಂದ ಹೊರಟ ವೈರಿನ ತುದಿಯಲ್ಲಿ ನಾನು, ಹಗ್ಗಕ್ಕೆ ಕಟ್ಟಿದ ಕರುವಿನಂತೆ. ಮುಂದೆ ಬ್ಯಾಂಡು, ಹಿಂದೆ ತೆರೆದ ಜೀಪಿನಲ್ಲಿ ಅಕ್ಕ ಮತ್ತು ಭಾವ. ಟಂಟಂ ತಡವಾದರೆ ವೈರು ನನ್ನನ್ನು ಹಿಂದಕ್ಕೆ ಜಗ್ಗುತ್ತಿತ್ತು. ಕಪ್ಪು ಅಂಗಿ ತೊಟ್ಟು, ಕೂದಲು ಮುಖದ ಮೇಲೆ ಇಳಿಬಿಟ್ಟು, ಹೀಗೆ ಜಗ್ಗಿಸಿಕೊಳ್ಳುತ್ತ ಭಯಂಕರವಾಗಿ ಕಾಣಿಸುವುದು ಸುಲಭವಲ್ಲ.

ಮೊದಲ ಆರತಿಗೆ ಬ್ಯಾಂಡು ದುಂಡಗೆ ನಡೆಯಿತು. ವೇಗ ಇಳಿಯಲಿಲ್ಲ. ಆದರೆ ನಡುವೆ ನಾನಿದ್ದೆ, ನನ್ನಿಂದ ಟಂಟಂಗೆ ವೈರಿತ್ತು. ಪ್ರತಿಯೊಬ್ಬರೂ ಆ ವೈರನ್ನು ಕಾಲುವೆ ದಾಟುವಂತೆ ದಾಟಬೇಕಾಯಿತು. ಹುಡುಗರು ಕುಣಿಯಲಿಲ್ಲ, ಮೊಬೈಲಿನಲ್ಲಿ ಚಿತ್ರ ಹಿಡಿದುಕೊಂಡರು. ಭಾವನ ತಮ್ಮ ಒಂದು ಬೆರಳು ಎತ್ತಿ ತೋರಿಸಿದ. ಜೀಪಿನಲ್ಲಿ ಅಕ್ಕ ಬಾಸಿಂಗ ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ಕೆಳಗೆ ಹಾಕಿದ್ದಳು.

ಎರಡನೆಯ ಆರತಿಯದು ದೊಡ್ಡ ಮನೆ. ತಟ್ಟೆ ಹಿಡಿದ ಹೆಂಗಸರು ಸಾಲಾಗಿ ನಿಂತಿದ್ದರು. ಚಾಚಾಗೆ ಹುಮ್ಮಸ್ಸು ಬಂದು ಸುತ್ತು ಬಿರುಸಾಯಿತು. ಈ ಸಲ ದೊಡ್ಡ ಕಹಳೆಯವರು ವೈರು ದಾಟಲಿಲ್ಲ. ಅದು ಅವರ ಕಹಳೆಗೆ ಸಿಕ್ಕಿಕೊಂಡಿತು. ಅದು ತಿಳಿಯದೆ ಅವರು ನನ್ನ ಸುತ್ತ ನಡೆಯುತ್ತಲೇ ಇದ್ದರು. ಒಂದು ಸುತ್ತಿಗೆ ನನ್ನ ಸೊಂಟ, ಇನ್ನೊಂದಕ್ಕೆ ಮೊಳಕೈ. ಮೂರನೆಯದಕ್ಕೆ ಅವರೂ ನಾನೂ ಗಿಟಾರಿನ ಸಮೇತ ಒಂದೇ ಕಟ್ಟಾಗಿ ನಿಂತಿದ್ದೆವು. ಟಂಟಂನಲ್ಲಿ ವೈರಿನ ತುದಿ ಕಿತ್ತುಬಂತು. ನನ್ನ ಗಿಟಾರ್ ಮೂಕವಾಯಿತು.

ಉಳಿದದ್ದು ಬ್ಯಾಂಡು. ಕಿವಿಯ ಪಕ್ಕದಲ್ಲೇ ಕಹಳೆ ನನ್ನ ಕೋಟೆ ಮುರಿಯುವ ಸ್ವರಗಳನ್ನು ಗುಡುಗುತ್ತಿತ್ತು, ಏಕೆಂದರೆ ಆ ಪುಣ್ಯಾತ್ಮರು ಕಟ್ಟಿಹಾಕಿದರೂ ನಿಂತಲ್ಲೇ ಕಾಲು ಬಡಿಯುತ್ತ ತಾಳ ಹಿಡಿದಿದ್ದರು. ಅದರ ಮೇಲೆ ಚಾಚಾನ ಕ್ಲಾರ್ನೆಟ್ ಸಾಲಿನ ಕೊನೆ ಬಳುಕಿಸುತ್ತ, ತವರು ಬಿಡುವ ಅದೇ ದುಃಖವನ್ನು ಓಡುವ ವೇಗದಲ್ಲಿ ಹಾಡಿತು. ಇಲ್ಲಿಯವರೆಗೆ ನನ್ನ ಗಿಟಾರ್ ಅದನ್ನು ಯಾರಿಗೂ ಕೇಳಿಸಗೊಟ್ಟಿರಲಿಲ್ಲ.

ಮೊದಲು ಕುಣಿದದ್ದು ಆರತಿ ತಟ್ಟೆ ಹಿಡಿದಿದ್ದ ಒಬ್ಬ ಅಜ್ಜಿ. ಆಮೇಲೆ ಹುಡುಗರು ಮೊಬೈಲು ಜೇಬಿಗಿಟ್ಟರು. ಭಾವನ ತಮ್ಮ ಅಷ್ಟರಲ್ಲೇ ಟ್ರ್ಯಾಕ್ಟರಿನವನಿಗೆ ಫೋನು ಹಚ್ಚಿದ್ದ. ಆ ಕಡೆ ಎತ್ತಲಿಲ್ಲ. ಮತ್ತೆ ಹಚ್ಚಿದ. ನನ್ನೆದುರಿಗೇ ಟವೆಲ್ ಬೀಸುತ್ತ ಕುಣಿಯುತ್ತಿದ್ದವನೊಬ್ಬನ ಜೇಬಿನಲ್ಲಿ ಫೋನು ಮಿನುಗಿ ಮಿನುಗಿ ಆರುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಕೂತು ಬೇಸರವಾಗಿ ನೋಡಲು ಬಂದಿದ್ದನಂತೆ.

ವೈರು ಬಿಡಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಕಹಳೆಯವರೂ ನಾನೂ ಹೆಜ್ಜೆಗೆ ಹೆಜ್ಜೆ ಕೂಡಿಸಿ ಹಾಗೆಯೇ ಮನೆಯವರೆಗೆ ನಡೆದೆವು. ನನ್ನ ಬೆರಳುಗಳು ದಾರಿಯುದ್ದಕ್ಕೂ ಮೂಕ ತಂತಿಗಳ ಮೇಲೆ ಒಂದೂ ತಪ್ಪಿಲ್ಲದೆ ಓಡಿದವು. ತಪ್ಪಿನ ಕಾಲಮ್ಮಿನಲ್ಲಿ ಸೊನ್ನೆ ಬಿದ್ದ ದಿನ ಅದೊಂದೇ.

ಬಾಗಿಲಲ್ಲಿ ಭಾವನ ತಮ್ಮ ನನ್ನ ಬೆನ್ನು ತಟ್ಟಿದ. "ಗಿಟಾರ್ ಭಾರಿ ಆತ್ರಿ ಬೀಗ್ರ. ಅದರಾಗೂ ಎರಡನೇ ಆರತಿಗಿ."

ಜೀಪಿನಿಂದ ಇಳಿಯುತ್ತಿದ್ದ ಅಕ್ಕನಿಗೆ ಅದು ಕೇಳಿಸಿತು. ನನ್ನ ಸೊಂಟಕ್ಕಿನ್ನೂ ಸುತ್ತಿದ್ದ ವೈರನ್ನೂ, ನೆಲದ ಮೇಲೆ ಎಳೆದುಕೊಂಡು ಬಂದ ಅದರ ತುದಿಯನ್ನೂ ನೋಡಿದಳು. ಎದೆಯ ಮೇಲೆ ಕೈಯಿಟ್ಟುಕೊಂಡು ನನ್ನ ಕಡೆ ಬಾಗಿದಳು.

"ಇನ್ನೂ ಹೊಡ್ಕೊಳ್ಳಾಕತ್ತೈತಿ ನೋಡಲೇ. ಬಾಕ್ಸ್ ಎಲ್ಯರ ಅದಾವೇನ ಹೊಳ್ಳಿ ನೋಡು."

ಹೊಳ್ಳಿ ನೋಡಲು ಹೋದೆ. ಕಹಳೆಯವರೂ ನನ್ನ ಜೊತೆಗೇ ತಿರುಗಬೇಕಾಯಿತು. ಇಬ್ಬರೂ ಕೂಡಿ ಬೀದಿಯುದ್ದಕ್ಕೂ ಕಣ್ಣಾಡಿಸಿದೆವು. ಎಲ್ಲಿಯೂ ಬಾಕ್ಸಿರಲಿಲ್ಲ.