ಮಷೀನಿನ ಜಳಕ

ಅಥಣಿಯಲ್ಲಿ ನಮ್ಮ ಪಕ್ಕದ ಮನೆಯ ಸೊಸೆಯನ್ನು ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ಅವರು ಬಟ್ಟೆ ಒಗೆದಾದ ಮೇಲೆ ಖಾಲಿ ವಾಷಿಂಗ್ ಮಷೀನಿಗೆ ಬಿಸಿನೀರು ಸುರಿದು ತಿರುಗಿಸುತ್ತಿದ್ದರು. ಆಮೇಲೆ ಒಳಗೆಲ್ಲ ಒರೆಸಿ, ಮುಚ್ಚಳ ತೆರೆದಿಟ್ಟು, "ಇದರ ಜಳಕ ಆತು" ಎನ್ನುತ್ತಿದ್ದರು. ನನಗೆ ನಗು ಬರುತ್ತಿತ್ತು.

ಹಾಸಿಗೆ ಹಿಡಿದಿದ್ದ ಅವರ ಅತ್ತೆ ಒದ್ದೆಯಾದ ಚಾದರವನ್ನು ಗಾದಿಯ ಕೆಳಗೆ ತುರುಕಿ ಬಚ್ಚಿಡುತ್ತಿದ್ದರು. ಒಮ್ಮೆ ನಾನು ಅಲ್ಲಿರುವಾಗಲೇ ವೈನಿ ಅದನ್ನು ಹೊರಗೆಳೆದರು.

"ನನ್ನ ಹೊಲಸ ಅದರಾಗ ಹಾಕಬ್ಯಾಡವಾ. ನಿಮ್ಮ ಅರಿವಿ ಮೈಲಿಗಿ ಆಗ್ತಾವ" ಎಂದು ಮುದುಕಿ ಅತ್ತರು.

ವೈನಿ ಚಾದರ ಒಗೆದರು, ಮಷೀನಿಗೆ ಜಳಕ ಮಾಡಿಸಿದರು, ಬಳಿಕ ಅತ್ತೆಯ ಕಣ್ಣೆದುರಿಗೇ ತಮ್ಮ ಸೀರೆಯನ್ನು ಅದರೊಳಗೆ ಹಾಕಿದರು.

"ಜಳಕ ಆದಮ್ಯಾಲ ಇನ್ನೆಲ್ಲಿ ಮೈಲಿಗಿರಿ, ಅತ್ತಿ?"

ಆಮೇಲೆ ಆ ಮುದುಕಿ ಏನನ್ನೂ ಬಚ್ಚಿಡಲಿಲ್ಲ. ಚಾದರ ಒದ್ದೆಯಾದ ದಿನ ಅವರ ದನಿ ನಮ್ಮ ಮನೆಗೂ ಕೇಳುತ್ತಿತ್ತು: "ಯವ್ವಾ, ಮಷೀನಿನ ಜಳಕಕ್ಕ ನೀರ ಕಾಸ!"