ಗುಬ್ಬಿಯಲ್ಲಿ ಹೂ ಕೇಳಿದ ದಿನ

ಈ ಪ್ರಯಾಣದ ಕೆಲವು ವಿವರಗಳು ತಪ್ಪಿರಬಹುದು. ತೊಂಬತ್ತರ ದಶಕದ ಕೊನೆಯ ಮಾತು. ಕುಣಿಗಲ್ಲಿನಿಂದ ತುಮಕೂರಿಗೆ ಬಸ್ ಚಾರ್ಜು ಹತ್ತೋ ಹನ್ನೆರಡೋ, ಖಚಿತವಿಲ್ಲ. ಅಂದು ಆಡಿದ ಮಾತುಗಳನ್ನು ಮಾತ್ರ ಡೈರಿಯಲ್ಲಿ ಬರೆದುಕೊಂಡಿದ್ದೆ. ಬರೆಯುವಾಗ ತಿದ್ದಿಲ್ಲವೆಂದು ಆಣೆ ಮಾಡಿ ಹೇಳಲಾರೆ.

ಬೆಳಿಗ್ಗೆ ಖಾಸಗಿ ಬಸ್ಸಿನಲ್ಲಿ ಕುಣಿಗಲ್ ಬಿಟ್ಟೆವು: ನಾನು, ಚಿಕ್ಕಮ್ಮ, ಅವರ ಮಗಳು ಸವಿತಾ. ಸವಿತಾಳಿಗೆ ಇಪ್ಪತ್ತೊಂಬತ್ತು. ಎಡಗಡೆ ಎದೆಯ ಗಡ್ಡೆ ಕ್ಯಾನ್ಸರ್ ಎಂದು ಹಿಂದಿನ ವಾರ ಗೊತ್ತಾಗಿತ್ತು. ಹೆಬ್ಬೂರಿನವರೆಗೆ ನಿಂತೇ ಹೋದೆವು. ಬಸ್ಸು ಬ್ರೇಕ್ ಹಾಕಿದಾಗಲೆಲ್ಲ ಚಿಕ್ಕಮ್ಮ ಮಗಳ ಎದೆಗೆ ಅಡ್ಡವಾಗಿ ಕೈ ಚಾಚುತ್ತಿದ್ದರು.

ತುಮಕೂರಿನ ಡಾಕ್ಟರು ನಡುವಯಸ್ಸಿನ ಹೆಂಗಸು. ಮೊದಲು ಕೇಳಿದ್ದೇ, "ಯಜಮಾನ್ರು ಬರ್ಲಿಲ್ವಾ?" ಯಜಮಾನ ಲಾರಿ ಓಡಿಸಿಕೊಂಡು ಹುಬ್ಬಳ್ಳಿಯ ಕಡೆ ಹೋಗಿದ್ದ. "ನಮ್ಮವ್ವ ಹೇಳ್ದಂಗೆ ಮಾಡಿ" ಎಂದು ಫೋನಿನಲ್ಲಿ ಮುಗಿಸಿದ್ದ.

"ನಾನು ಬಂದಿದೀನಲ್ಲ ಮೇಡಂ. ಗಡ್ಡೆ ನಂದು" ಎಂದಳು ಸವಿತಾ.

ಡಾಕ್ಟರು ನಕ್ಕು ಅವಳ ಕಡೆಗೇ ತಿರುಗಿ ಕೂತರು. ಎದೆಯನ್ನು ಪೂರ್ತಿ ತೆಗೆಯಬಹುದು. ಇಲ್ಲವೇ ಗಡ್ಡೆಯನ್ನಷ್ಟೇ ತೆಗೆದು, ಬೆಂಗಳೂರಿನಲ್ಲಿ ಕೆಲವು ವಾರ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಬಹುದು. ಗಡ್ಡೆ ಚಿಕ್ಕದು. ಆಯಸ್ಸಿನ ಮಟ್ಟಿಗೆ ಎರಡೂ ಒಂದೇ; ಉಳಿಸಿಕೊಂಡರೆ ಅಲ್ಲೇ ಮತ್ತೆ ಬರುವ ಸಾಧ್ಯತೆ ಸ್ವಲ್ಪ ಹೆಚ್ಚು. "ಯೋಚನೆ ಮಾಡಿ ಹೇಳಮ್ಮ. ತೀರಾ ತಡ ಮಾಡ್ಬೇಡ."

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಿತ್ರಾನ್ನ ತಿನ್ನುತ್ತ ಸವಿತಾ ಕೇಳಿದಳು. "ನೀನಾಗಿದ್ರೆ ಏನ್ ಮಾಡ್ತಿದ್ದೆ ಅಕ್ಕ?"

ಉತ್ತರ ನಾಲಿಗೆ ತುದಿಯಲ್ಲಿತ್ತು. ಹೇಳಲಿಲ್ಲ. ಅದು ವಿವೇಕವೋ ಹೇಡಿತನವೋ ಇಂದಿಗೂ ತಿಳಿಯದು. "ಯಾವುದನ್ನ ನೆನೆಸ್ಕೊಂಡ್ರೆ ನಿಂಗೆ ನಿದ್ದೆ ಬರಲ್ಲ?" ಎಂದೆ.

"ಸಾಯೋದು. ಆಮೇಲೆ, ಬಚ್ಚಲಲ್ಲಿ ನನ್ನನ್ನ ನಾನೇ ನೋಡ್ಕೊಳ್ಳೋದು." ಇನ್ನೊಂದು ತುತ್ತು ತಿಂದು ಹೇಳಿದಳು, "ಸಾಯೋದು ಎರಡಕ್ಕೂ ಒಂದೇ ಅಂದ್ರಲ್ಲ."

ಮಧ್ಯಾಹ್ನ ಗುಬ್ಬಿಗೆ ಹೋದೆವು. ಸವಿತಾಳ ಅತ್ತೆ ಊರಾಚೆಯ ಅಮ್ಮನ ಗುಡಿಯಲ್ಲಿ ಕಾಯುತ್ತಿದ್ದರು. ಬಾವಿ ತೋಡಲಿ, ಹೆಣ್ಣು ತರಲಿ, ಆ ಮನೆಯಲ್ಲಿ ಹೂ ಕೇಳದೆ ಆಗುವುದಿಲ್ಲ. ಪೂಜಾರಿ ದೇವಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾನೆ; ಬಲಗಡೆಯದು ಬಿದ್ದರೆ ಅಪ್ಪಣೆ.

"ಆಪರೇಸನ್ ಮಾಡುಸ್ಬೋದಾ ತಾಯಿ?" ಎಂದು ಅತ್ತೆ ಕೈ ಮುಗಿದರು. ಸೆಕೆಯಲ್ಲಿ ಬಹಳ ಹೊತ್ತು ಕೂತೆವು. ಬಲಗಡೆಯ ಹೂ ಬಿತ್ತು.

"ಆಯ್ತಲ್ಲ! ಪೂರ್ತಿ ತೆಗುಸ್ಬುಡಿ. ಕೂಸು ಹಾಲು ಬಿಟ್ಟು ಎಷ್ಟೋ ದಿನ ಆಯ್ತು, ಇನ್ಯಾಕೆ ಅದು? ಬೆಂಗ್ಳೂರಿಗೆ ಅಲೆಯೋರ್ಯಾರು?"

"ಕೂಸಿಗೆ ಅಂತ ಮಾತ್ರ ಬಂದಿದ್ದಾ ಅತ್ತೆ ಅದು?" ಸವಿತಾ ಎದ್ದು ನಿಂತಳು. "ಆಪರೇಷನ್ ಅಂತ ಕೇಳಿದ್ರಿ, ಅಮ್ಮ ಹ್ಞೂಂ ಅಂದ್ಲು. ಎಷ್ಟು ತೆಗೀಬೇಕು ಅಂತ ನೀವು ಕೇಳಲೇ ಇಲ್ಲ. ಅದನ್ನ ನಾನ್ ಹೇಳ್ತೀನಿ. ಗಡ್ಡೆ ಅಷ್ಟೇ."

"ಹಂಗಾರೆ ಇನ್ನೊಂದ್ ಹೂ ಕೇಳಾನ ಬುಡು." ಅತ್ತೆ ಹಾಗೆನ್ನುತ್ತಲೇ ಪೂಜಾರಿಯ ಕೈ ಬುಟ್ಟಿಗೆ ಹೋಯಿತು.

"ಇಡ್ಬೇಡಿ ಪೂಜಾರ್ರೆ. ಅಮ್ಮನೂ ಹೆಂಗ್ಸು. ಅವಳನ್ನ ಇಂಥದ್ದು ಕೇಳ್ಬಾರ್ದು."

"ಬಾಯಿ ಬಲ್ತುಬುಡ್ತಲ್ಲೇ ನಿಂಗೆ! ನನ್ ಮಗಂಗೆ ಏನಂತ ಹೇಳ್ಳಿ?"

"ಬೆಂಗ್ಳೂರಿಗೆ ಅಕ್ಕನ ಜೊತೆ ಹೋಗ್ತಾಳೆ ಅನ್ನಿ."

ನನ್ನನ್ನು ಯಾರೂ ಕೇಳಿರಲಿಲ್ಲ. ಹೌದೆಂದು ತಲೆಯಾಡಿಸಿದೆ. ಪೂಜಾರಿ ಹೂವನ್ನು ಬುಟ್ಟಿಗೇ ಹಾಕಿ ಎಲ್ಲರಿಗೂ ತೀರ್ಥ ಕೊಟ್ಟ. ಅತ್ತೆ ಕೈ ಒಡ್ಡಲಿಲ್ಲ.

ಸಂಜೆ ತುಮಕೂರಿನ ಬಸ್ಸು ಹತ್ತಿದೆವು. ಮುಂದಿನ ಸೀಟಿನಲ್ಲಿ ಸವಿತಾ ಕಡ್ಲೆಕಾಯಿ ಸುಲಿದು ತಿನ್ನುತ್ತಿದ್ದಳು. ಚಿಕ್ಕಮ್ಮ ನನ್ನ ಕಿವಿಯ ಹತ್ತಿರ ಬಂದು, "ಎಷ್ಟು ಹಟ ನೋಡೇ ಇವ್ಳಿಗೆ. ನಂಗೆ ಮೂವತ್ನಾಲ್ಕಕ್ಕೇ ಗರ್ಭಕೋಶ ತೆಗೆದ್ರು. ನಾನ್ ತುಟಿ ಬಿಚ್ಚಿದ್ನಾ?" ಎಂದರು.

"ತೆಗೀಲಾ ಅಂತ ಆವಾಗ ನಿಮ್ಮನ್ನ ಯಾರಾದ್ರೂ ಕೇಳಿದ್ರಾ ಚಿಕ್ಕಮ್ಮ?"

ಅವರು ನನ್ನನ್ನು ನೋಡಿದರು. ಆಮೇಲೆ ಮಗಳ ಬೆನ್ನನ್ನು ನೋಡಿದರು.