ಕೊರಳಪಟ್ಟಿಗೆ ಹಾಕಿದ ಕೈ

ಬೆಳಗಿನ ಐದೂವರೆ. ಎರಡನೇ ಮಹಡಿಯ ಕಿಟಕಿಯ ಬಳಿ, ಸದ್ದು ಗೋಡೆ ದಾಟದಿರಲೆಂದು ಹೊಲಿಗೆ ಯಂತ್ರದ ಕೆಳಗೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಲಾಗಿದೆ. ಐವತ್ತೆರಡರ ಹೆಂಗಸು ಯಾರದೋ ಪ್ಯಾಂಟಿನ ಅಂಚನ್ನು ಸೂಜಿಯಡಿಗೆ ತಳ್ಳುತ್ತಿದ್ದಂತೆಯೇ ಪಕ್ಕದ ಮನೆಯಿಂದ ಗೋಡೆಗೆ ಧಡ್ ಎಂದು ಗುದ್ದು ಬೀಳುತ್ತದೆ.

"ಕಳ್ಳಿ! ಎದ್ದಳು ನೋಡು!"

"ಎದ್ದೆ ತಾತ. ನಿಮ್ದು ಮುಖ ತೊಳ್ಕೊಂಡಾಯ್ತಾ?" ಆಕೆ ಗೋಡೆಯನ್ನೇ ಕೇಳುತ್ತಾರೆ.

ಬೀದಿಗೆಲ್ಲ ಆಕೆ 'ಹಳೇ ಬಟ್ಟೆ ಡಾಕ್ಟರು'. ಅಂಗಿ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ದುಡಿದವರು. "ಒಂದಿಡೀ ಅಂಗಿ ಹೊಲಿದಿದ್ದೇ ಇಲ್ಲ. ಬರೀ ಕೊರಳಪಟ್ಟಿ!" ಎಂದು ನಗುತ್ತಾರೆ. ಕಾರ್ಖಾನೆ ಮುಚ್ಚಿದ ಮೇಲೆ ಮನೆಯಲ್ಲೇ ರಿಪೇರಿ ಕೆಲಸ. ದಿನಕ್ಕೆ ಹತ್ತು ಜಿಪ್ಪು, ಹದಿನೈದು ಅಂಚು, ಗುಂಡಿಗಳಿಗೆ ಲೆಕ್ಕವಿಲ್ಲ. ಸಂಜೆಗೆ ಸೊಂಟ ಮಾತು ಕೇಳುವುದಿಲ್ಲ. ಬಟ್ಟೆ ಅದಲುಬದಲಾಗದಿರಲೆಂದು ಒಂದೊಂದು ಮನೆಯ ಬಟ್ಟೆಗೆ ಕಾಲರಿನ ಒಳಗೆ ಒಂದೊಂದು ಬಣ್ಣದ ದಾರ. ಪಕ್ಕದ ಮನೆಯ ತಾತನದು ಕೆಂಪು.

ತಾತ ಗಡಿಯಾರ ರಿಪೇರಿ ಮಾಡುತ್ತಿದ್ದವರು, ಒಂಟಿ. ಎಪ್ಪತ್ತೆಂಟು ವಯಸ್ಸು. ಕಳೆದ ವರ್ಷದಿಂದ ಅವರಿಗೆ ಈಕೆಯನ್ನು ಕಂಡರಾಗದು. ಬಾಗಿಲಿಗೆ ಕಸ ಸುರಿದರು, ಬಂದ ಗಿರಾಕಿಗಳನ್ನು ಮೆಟ್ಟಿಲಲ್ಲೇ ಬೈದು ಓಡಿಸಿದರು. ಈಕೆಯೂ ಸುಮ್ಮನಿರಲಿಲ್ಲ. ಎಂಟು ಮನೆಗಳ ಸಹಿ ಹಾಕಿಸಿ ಕಟ್ಟಡದ ಮಾಲೀಕರಿಗೆ ದೂರು ಕೊಟ್ಟರು. ತಿಂಗಳ ಕೊನೆಗೆ ಮನೆ ಬಿಡಬೇಕೆಂದು ತಾತನಿಗೆ ಹುಕುಂ ಆಯಿತು.

ಅದಾಗಿ ವಾರಕ್ಕೆ, "ನನ್ನ ನೀಲಿ ಅಂಗಿ ಕದ್ದಿದ್ದೀಯ" ಎಂದು ತಾತ ಮೆಟ್ಟಿಲಲ್ಲಿ ಅಡ್ಡ ನಿಂತರು. ಮನೆಮನೆಯವರೂ ಹೊರಗೆ ಬಂದಿದ್ದರು. ಮುಂದಿನದನ್ನು ಹೇಳುವಾಗ ಆಕೆ ತಲೆಯೆತ್ತುವುದಿಲ್ಲ.

"ತಗೊಂಡ ಬಟ್ಟೆಯೆಲ್ಲ ವಾಪಸ್ ಕೊಟ್ಟಿದ್ದೀನಿ, ನನ್ನ ಕೆಂಪು ದಾರದ ಗುರುತು ತೋರಿಸ್ತೀನಿ ಅಂತ ಕೊರಳಪಟ್ಟಿಗೇ ಕೈ ಹಾಕ್ದೆ. ಬಿಳಿ ಅಂಗಿ ಕೆಳಗೆ ಚೌಕಳಿ ಅಂಗಿ. ಅದರ ಕೆಳಗೆ ನೀಲಿದು! ಬೇಕಂತಲೇ ನಾಟಕ ಆಡ್ತಿದಾರೆ ಅಂದ್ಕೊಂಡೆ. ಮೊದಲು ನಕ್ಕಿದ್ದೇ ನಾನು. ಆಮೇಲೆ ಎಲ್ಲರೂ ನಕ್ಕರು. ತಾತ ಎರಡೂ ಕೈಲಿ ಕಾಲರ್ ಮುಚ್ಕೊಂಡು, 'ಅಮ್ಮಂಗೆ ಹೇಳ್ಬೇಡಿ' ಅಂದ್ರು."

ನಗು ಅಲ್ಲಿಗೇ ನಿಂತಿತು.

ಮರೆವಿನ ಕಾಯಿಲೆ ಇರಬಹುದು, ಡಾಕ್ಟರು ಇನ್ನೂ ಖಚಿತವಾಗಿ ಹೇಳಿಲ್ಲ ಎನ್ನುತ್ತಾರೆ ಭಾನುವಾರಗಳಂದು ಬರುವ ತಾತನ ತಂಗಿಯ ಮಗಳು. "ಈ ಮನೆ ಬಾಗಿಲೊಂದು ಗುರುತಿದೆ ಮಾವಂಗೆ. ಬೇರೆ ಕಡೆ ಹೋದ್ರೆ ಬೀದಿ ಪಾಲೇ."

ಅಂದಿನಿಂದ ಆಕೆ ಮತ್ತೆ ಎಂಟೂ ಬಾಗಿಲು ಬಡಿದಿದ್ದಾರೆ, ಈ ಸಲ ದೂರು ವಾಪಸ್ ಪಡೆಯಲು. ಏಳು ಸಹಿ ಬೇಗ ಸಿಕ್ಕವು. ಕೆಳಮನೆಯ ಅಕ್ಕ ಮಾತ್ರ ಹಿಡಿದು ನಿಲ್ಲಿಸಿದರು: "ಅವತ್ತು ಹಾಕು ಅಂದೆ, ಇವತ್ತು ಹೊಡೆದುಹಾಕು ಅಂತೀಯ. ನಾವೇನು ನಿನ್ನ ಸೂಜಿ ಹಿಂದೆ ಬರೋ ದಾರಾನಾ? ನಗೋಕೆ ಶುರು ಮಾಡಿದ್ದು ಯಾರೇ?"

"ನಾನೇ ಅಕ್ಕ."

ಅಕ್ಕ ಪೆನ್ನು ಕೇಳಿದರು. ಮಾಲೀಕರು ಹುಕುಂ ಹಿಂತೆಗೆದುಕೊಂಡಿದ್ದಾರೆ.

ಈಗ ದಿನವೂ ಆರೂವರೆಗೆ ಆಕೆ ಪಕ್ಕದ ಮನೆಗೆ ಹೋಗುತ್ತಾರೆ. ಬೈಗುಳ ತಿನ್ನುತ್ತಲೇ ತಾತನ ಗುಂಡಿ ಸರಿಯಾಗಿ ಹಾಕುತ್ತಾರೆ. ಒಂದು ದಿನ ಧೈರ್ಯ ಮಾಡಿ ಕ್ಷಮೆ ಕೇಳಿದರಂತೆ.

"'ತಾತ, ಅವತ್ತು ಎಲ್ಲರ ಮುಂದೆ ನಿಮ್ಮ ಕೊರಳಪಟ್ಟಿ ಹಿಡಿದೆ. ತಪ್ಪಾಯ್ತು' ಅಂದೆ. ನನ್ನ ಮುಖ ನೋಡಿ, 'ನೀನಾ? ಛೆ, ನೀನು ಅಂಥವಳಲ್ಲ ಬಿಡಮ್ಮ' ಅಂದ್ರು." ಆಕೆ ಸೂಜಿಗೆ ದಾರ ಪೋಣಿಸುತ್ತಾರೆ. "ಕಳ್ಳಿ ಅಂದಾಗ್ಲೂ ಇಷ್ಟು ನಾಚಿಕೆ ಆಗಿರ್ಲಿಲ್ಲ. 'ಅಂಥವಳಲ್ಲ' ಅನ್ನೋ ಆ ಮಾತು ನಿಜ ಆಗೋ ಹಾಗೆ ಬದುಕಿದ್ರೆ ಸಾಕು."